ಐದು ಚಿತ್ರದ ಹಲಗೆ

ನಂಜನಗೂಡಿನ ನಮ್ಮ ಮನೆ ನಡೆಯುತ್ತಿದ್ದದ್ದು ಅಜ್ಜಿಯ ಗಂಟಲಿನ ಮೇಲೆ. ಅಪ್ಪ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ, ಅವ್ವ ಹೊತ್ತು ಹುಟ್ಟುವ ಮೊದಲೇ ಎದ್ದು ಗೇಯುತ್ತಿದ್ದಳು, ಅದೆಲ್ಲ ಸರಿ. ಆದರೆ ಒಲೆ ಯಾವಾಗ ಹೊತ್ತಬೇಕು, ಸಾರಿಗೆ ಉಪ್ಪು ಎಷ್ಟು, ಯಾರು ಮೊದಲು ಮೀಯಬೇಕು ಎನ್ನುವುದನ್ನೆಲ್ಲ ತೀರ್ಮಾನಿಸುತ್ತಿದ್ದವಳು ನಡುಮನೆಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂರುತ್ತಿದ್ದ ಅಪ್ಪನ ತಾಯಿ. ಅವಳು ಕೂತಲ್ಲಿಂದಲೇ 'ತಾಯೀ' ಎಂದು ಕೂಗಿದರೆ ಪಕ್ಕದ ಮನೆಯವರೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದರು. ತಾಯಿ ಎಂದರೆ ನನ್ನ ಅವ್ವ, ತಾಯಮ್ಮ. ಕೂಗು ಗಿಡ್ಡವಾಗಿ ಬಂದರೆ ನೀರೋ ಎಲೆಅಡಿಕೆಯೋ ಬೇಕು ಅಂತ. ಎಳೆದುಕೊಂಡು ಬಂದರೆ ಏನೋ ತಪ್ಪು ಸಿಕ್ಕಿದೆ ಅಂತ. ಕೂಗು ಉದ್ದವಾಗುತ್ತ ಹೋದಂತೆ ಅಡುಗೆಮನೆಯಲ್ಲಿ ಅವ್ವನ ಮುಖ ಸಣ್ಣಗಾಗುವುದನ್ನು ನೋಡಿ ನೋಡಿ ನಾನು ಬೆಳೆದೆ. ನನಗೆ ಮುಂಗೋಪ ಅಂತ ನನ್ನ ಗಂಡ ಇವತ್ತಿಗೂ ದೂರುತ್ತಾರೆ. ಆ ಗಂಟಲು ನನಗೂ ಬಂದಿದೆ, ಏನು ಮಾಡಲಿ.

ಅಜ್ಜಿ ಕೆಟ್ಟವಳೇನಲ್ಲ. ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತನವಾದರೂ ಮೊದಲು ಓಡುತ್ತಿದ್ದವಳು ಅವಳೇ. ಆದರೆ ಸೊಸೆ ಮಾಡಿದ್ದು ಯಾವುದೂ ಅವಳ ನಾಲಿಗೆಗೆ ಒಗ್ಗುತ್ತಿರಲಿಲ್ಲ. ತಣಿಗೆಯ ಮುಂದೆ ಕೂತು ಮುದ್ದೆಯನ್ನು ಬೆರಳಲ್ಲಿ ಮುರಿಯುವಾಗಲೇ ಶುರುವಾಗುತ್ತಿತ್ತು.

"ಗಂಟು ಅದ ನೋಡು. ನಮ್ಮ ಸಾಕಿ ಕಟ್ಟಿದ್ರೆ ಬೆಣ್ಣೆ ಇದ್ದಂಗೆ ಇರ್ತದ."

ಸಾಕಿ ಎಂದರೆ ಅಪ್ಪನ ಅಕ್ಕ, ಸಾಕಮ್ಮತ್ತೆ. ತಿ. ನರಸೀಪುರಕ್ಕೆ ಕೊಟ್ಟಿದ್ದರು. ಅವಳ ಗಂಡನಿಗೆ ಸರ್ಕಾರಿ ನೌಕರಿ, ಮನೆಗೆ ತಾರಸಿ. ಹಬ್ಬಕ್ಕೆ ಅವಳು ಬಂದರೆ ಉಂಡ ತಣಿಗೆಯನ್ನೂ ಅವಳ ಕೈಲಿ ಎತ್ತಿಸುತ್ತಿರಲಿಲ್ಲ. ಮಣೆ ಹಾಕಿ ಕೂರಿಸಿ, ಹೋಗುವಾಗ ಮಡಿಲು ತುಂಬಿ ಕಳಿಸುವುದು. ಅಂಥ ಸಾಕಿ ಮುದ್ದೆ ಕಟ್ಟಿದ್ದನ್ನು ನಾನಂತೂ ಕಣ್ಣಲ್ಲಿ ಕಂಡಿಲ್ಲ. ಹಾಗಂತ ಒಂದು ಸಲ ಅಂದುಬಿಟ್ಟೆ. ಅಜ್ಜಿ ನಕ್ಕಳು. ಅವ್ವ ಒಳಕ್ಕೆ ಕರೆದು ಬೆನ್ನಿಗೊಂದು ಬಾರಿಸಿದಳು. ಅತ್ತೆ ಸೊಸೆಯ ನಡುವೆ ಮೂರನೆಯವರು ಬಾಯಿ ಹಾಕಬಾರದು ಎನ್ನುವುದು ಅವ್ವ ನನಗೆ ಕಲಿಸಿದ ಪಾಠ. ನಾನದನ್ನು ಇನ್ನೂ ಕಲಿತಿಲ್ಲ.

ಆ ಗಂಟಲು ಒಂದು ಬೆಳಗ್ಗೆ ನಿಂತುಹೋಯಿತು. ಬಚ್ಚಲಿನಿಂದ ಬರುತ್ತಿದ್ದ ಅಜ್ಜಿ ಹೊಸಲಿನ ಮೇಲೆಯೇ ಕುಸಿದಳು. ಲಕ್ವ. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಮೈಸೂರಿನ ಆಸ್ಪತ್ರೆಯಿಂದ ಮನೆಗೆ ತಂದು ನಡುಮನೆಯ ಮಂಚದ ಮೇಲೆ ಮಲಗಿಸಿದಾಗ ಅವಳಲ್ಲಿ ಉಳಿದಿದ್ದು ಎಡಗೈ ಮತ್ತು ಎರಡು ಕಣ್ಣು. ಬುದ್ಧಿ ಮಾತ್ರ ಪೂರ್ತಿ ಇತ್ತು, ಅದೇ ಕಷ್ಟ. ಅವ್ವ ಅವಳನ್ನು ಹೊರಳಿಸುವಳು, ಮೈ ಒರೆಸುವಳು, ಗಂಜಿ ಕುಡಿಸುವಳು, ಎರಡು ತೋಳಲ್ಲಿ ಎತ್ತಿ ಬೇಸನ್ನಿನ ಮೇಲೆ ಕೂರಿಸುವಳು, ತೊಳೆಯುವಳು. ಇಷ್ಟೆಲ್ಲ ಮಾಡಿದರೂ ಅಜ್ಜಿಗೆ ಏನು ಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ. ಅವಳು 'ಆ ಆ' ಎನ್ನುವಳು. ಅವ್ವ ನೀರು ತರುವಳು. ಅಲ್ಲ. ಗಂಜಿ ತರುವಳು. ಅಲ್ಲ. ಮೂರನೆಯ ಸಲಕ್ಕೆ ಎಡಗೈಯಿಂದ ಬಟ್ಟಲು ತಳ್ಳಿ ಚೆಲ್ಲಿಬಿಡುವಳು. ನೆಲ ಒರೆಸುತ್ತ ಅವ್ವ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

"ಬಾಯಿದ್ದಾಗ್ಲೂ ಬೈಸ್ಕಂಡೆ, ಬಾಯಿ ಓದ್ಮೇಲೂ ಬೈಸ್ಕತಾ ಇವ್ನಿ."

ಇದನ್ನು ನೋಡಲಾಗದೆ ಹಲಗೆ ಮಾಡಿದವನು ಮಾದೇವ ಚಿಕ್ಕಪ್ಪ, ಅಪ್ಪನ ತಮ್ಮ. ಬಸ್‌ಸ್ಟ್ಯಾಂಡಿನ ಪಕ್ಕ ಅವನಿಗೊಂದು ರೇಡಿಯೋ ಟೀವಿ ರಿಪೇರಿ ಅಂಗಡಿ ಇತ್ತು. ಮದುವೆಯಾಗಿರಲಿಲ್ಲ, ಊಟ ನಮ್ಮ ಮನೆಯಲ್ಲೇ. ಮೈಸೂರಿನ ಗುಜರಿಯಲ್ಲಿ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬರುವ ಚಟ ಅವನದು. ಹಾಗೆ ತಂದದ್ದರಲ್ಲಿ ಒಂದು ಆಟದ ವಿಮಾನದ ಮುರುಕು ಇತ್ತು. ಯಾರೋ ಶ್ರೀಮಂತರು ನೆಲದಲ್ಲಿ ನಿಂತು ರಿಮೋಟಿನಲ್ಲಿ ಹಾರಿಸುತ್ತಿದ್ದ ವಿಮಾನ. ಅದರ ಹೊಟ್ಟೆಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ, ಡಬ್ಬಿಗೆ ಮೂರು ತಂತಿ, ತಲೆಯ ಮೇಲೆ ತಿರುಗುವ ಸಣ್ಣ ತೋಳು. ಸರ್ವೋ ಅಂತ ಹೆಸರು ಹೇಳಿದ. ಬರೀ ಮೋಟಾರಾದರೆ ಕರೆಂಟು ಕೊಟ್ಟ ಕೂಡಲೇ ಗಿರಗಿರ ಸುತ್ತುತ್ತಲೇ ಇರುತ್ತದೆ, ಇದು ಹಾಗಲ್ಲ, ಇಂಥ ಕಡೆ ಮುಖ ಮಾಡು ಅಂದರೆ ಅಲ್ಲಿಗೆ ತಿರುಗಿ ಅಲ್ಲೇ ನಿಲ್ಲುತ್ತದೆ ಅಂದ. ಡಬ್ಬಿಗೆ ಕಿವಿ ಇಲ್ಲವಲ್ಲ, ಹೇಳುವುದು ಹೇಗೆ ಅಂತ ಕೇಳಿದೆ. ನನ್ನನ್ನು ನಡುಮನೆಯಲ್ಲಿ ಕಣ್ಣು ಮುಚ್ಚಿಸಿ ನಿಲ್ಲಿಸಿದ.

"ನಿನ್ನ ಬೆನ್ನ ಮೇಲೆ ಬೆರಳು ಒತ್ತೀನಿ ಕೂಸೆ. ಒತ್ತು ಗಿಡ್ಡ ಆದ್ರೆ ಎಡಕ್ಕೆ, ಅಡುಗೆಮನೆ ಕಡೆ ತಿರುಗು. ಉದ್ದ ಆದ್ರೆ ಬಲಕ್ಕೆ, ಬೀದಿಬಾಗ್ಲ ಕಡೆ. ಗಿಡ್ಡಾನೂ ಅಲ್ಲ ಉದ್ದಾನೂ ಅಲ್ಲ ಅಂದ್ರೆ ನೆಟ್ಟಗೆ ನಿಂತ್ಕ."

"ಜೋರಾಗಿ ಒತ್ತಿದ್ರೆ?"

"ಜೋರು ಲೆಕ್ಕಕ್ಕಿಲ್ಲ. ಎಷ್ಟೊತ್ತು ಒತ್ತಿದೆ ಅನ್ನೋದಷ್ಟೇ ಲೆಕ್ಕ."

ಒತ್ತುತ್ತಲೇ ಇದ್ದ, ನಾನು ತಿರುಗುತ್ತಲೇ ಇದ್ದೆ. ನಡುವೆ ಭುಜ ಹಿಡಿದು ಪಕ್ಕಕ್ಕೆ ತಳ್ಳಿದ. ಒತ್ತು ಬರುತ್ತಿರುವ ತನಕ ಯಾರು ತಳ್ಳಿದರೂ ಅಲ್ಲಿಗೇ ಮರಳಿ ಬರಬೇಕು, ಬಿಡಬಾರದು ಅಂದ. ಒತ್ತು ನಿಂತರೆ ಏನು ಅಂದೆ. ಆಗ ಜೀವ ಬಿಟ್ಟಂತೆ, ಯಾರು ಎತ್ತ ತಿರುಗಿಸಿದರೂ ತಿರುಗುತ್ತದೆ ಅಂದ. ಮಂಚದಲ್ಲಿ ಮಲಗಿದ್ದ ಅಜ್ಜಿ ಕಣ್ಣಲ್ಲೇ ನಗುತ್ತಿದ್ದಳು. ನಾನೀಗ ಡಿಪ್ಲೊಮಾ ಹುಡುಗರಿಗೆ ಇದೇ ಪಾಠ ಹೇಳುತ್ತೇನೆ. ಈಗ ಸರ್ವೋ ಅಂದರೆ ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಪುಟಾಣಿ ನೀಲಿ ಡಬ್ಬಿ. ಬೋರ್ಡಿನ ಮೇಲೆ ಬರೆಯುತ್ತೇನೆ: ಸೆಕೆಂಡಿಗೆ ಐವತ್ತು ಸಲ ಒತ್ತು ಹೋಗಬೇಕು, ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿಕೊಂಡು, ಒತ್ತು ಒಂದು ಚೂರಿನಷ್ಟಿದ್ದರೆ ತೋಳು ಒಂದು ತುದಿಗೆ, ಎರಡು ಚೂರಿನಷ್ಟಿದ್ದರೆ ಇನ್ನೊಂದು ತುದಿಗೆ, ಒಂದೂವರೆಯಾದರೆ ಸರಿಯಾಗಿ ನಡುವೆ. ತೋಳು ಈಗ ಎಲ್ಲಿದೆ ಎಂದು ಡಬ್ಬಿ ಒಳಗೊಳಗೇ ನೋಡಿಕೊಳ್ಳುತ್ತದೆ, ಹೇಳಿದ ಜಾಗಕ್ಕೂ ಇರುವ ಜಾಗಕ್ಕೂ ವ್ಯತ್ಯಾಸ ಇರುವ ತನಕ ತಿರುಗುತ್ತದೆ. ಹುಡುಗರು ಬರೆದುಕೊಳ್ಳುತ್ತಾರೆ. ಬೆನ್ನ ಮೇಲೆ ಬೆರಳಿಟ್ಟು ಹೇಳಿದಷ್ಟು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಒತ್ತು ಕೊಡುವುದಕ್ಕೆ ಚಿಕ್ಕಪ್ಪ ಐಸಿ ಅನ್ನುವ ಎಂಟು ಕಾಲಿನ ಒಂದು ಚಿಪ್ ಬೆಸೆದ. ಆ ಒತ್ತನ್ನು ಗಿಡ್ಡ ಉದ್ದ ಮಾಡುವುದಕ್ಕೆ ತಿರುಗಿಸುವ ಗುಂಡಿಯೊಂದು ಬೇಕಿತ್ತು. ಅಂಗಡಿಯಲ್ಲಿ ಹೊಸ ಗುಂಡಿಗಳು ಡಬ್ಬಿ ತುಂಬ ಇದ್ದವು. ಆದರೆ ಅವನು ಅಟ್ಟದ ಮೇಲಿನ ಅಜ್ಜಿಯ ಹಳೇ ರೇಡಿಯೋ ಇಳಿಸಿ, ಅದರ ವಾಲ್ಯೂಮಿನ ಗುಂಡಿ ಬಿಚ್ಚಿಕೊಂಡ. ಅಜ್ಜಿ ದಿನಾ ಬೆಳಗ್ಗೆ ವಾರ್ತೆಗೆ, ಚಿತ್ರಗೀತೆಗೆ ತಿರುಗಿಸುತ್ತಿದ್ದ ಗುಂಡಿ ಅದು. ಅವಳ ಬೆರಳಿಗೆ ಗುರುತಿದೆ, ಕಣ್ಣು ಮುಚ್ಚಿಯೂ ತಿರುಗಿಸುತ್ತಾಳೆ ಅಂದ. ಅಜ್ಜಿ ಎಡಗೈಯಲ್ಲಿ ಗುಂಡಿ ಹಿಡಿದು ಅದನ್ನು ಬಹಳ ಹೊತ್ತು ಸವರಿದಳು. ನಮಗೆಲ್ಲ ಕಣ್ಣು ತುಂಬಿ ಬಂತು.

ರಟ್ಟನ್ನು ಬೀಸಣಿಗೆಯಂತೆ ಅರ್ಧ ಸುತ್ತಿಗೆ ಕತ್ತರಿಸಿ, ಸರ್ವೋದ ತೋಳಿಗೆ ತೆಳ್ಳನೆ ತಗಡಿನ ಮುಳ್ಳು ಕಟ್ಟಿ, ಚಿತ್ರಗಳನ್ನು ಅಂಟಿಸುವ ಕೆಲಸ ನನ್ನದಾಯಿತು. ಎಡತುದಿಯಲ್ಲಿ ನೀರಿನ ಚೊಂಬು, ಆಮೇಲೆ ಗಂಜಿಯ ಬಟ್ಟಲು, ನಡುವೆ ಬೇಸನ್ನು. ನಾಲ್ಕನೆಯದು ಅವ್ವ. ಅವಳ ಒಂಟಿ ಫೋಟೋ ಮನೆಯಲ್ಲಿ ಇರಲೇ ಇಲ್ಲ. ಮದುವೆ ಫೋಟೋ ಕತ್ತರಿಸುತ್ತೇನೆಂದರೆ ಹೊಡೆಯಲು ಬಂದಳು. ದೊಡ್ಡ ಕುಂಕುಮ ಇಟ್ಟು ನಾನೇ ಒಂದು ಮುಖ ಬರೆದೆ, ಅದು ಹೆಚ್ಚುಕಡಿಮೆ ಕುಂಬಳಕಾಯಿಯ ಹಾಗಿತ್ತು. ಅಪ್ಪ, ಚಿಕ್ಕಪ್ಪ, ನಾನು ಯಾರೂ ಹಲಗೆಯಲ್ಲಿ ಇರಲಿಲ್ಲ. ಅಜ್ಜಿಗೆ ನಮ್ಮಿಂದ ಆಗಬೇಕಾದ್ದು ಏನೂ ಇಲ್ಲ ಅಂತ ನಮಗೇ ಗೊತ್ತಿತ್ತು. ಬಲತುದಿಯ ಐದನೆಯ ಜಾಗ ಖಾಲಿಯಿತ್ತು. ನೋಡಲು ಬಂದಿದ್ದ ಸಾಕಮ್ಮತ್ತೆ ಕೈಚೀಲದಿಂದ ತನ್ನ ಸ್ಟುಡಿಯೋ ಫೋಟೋ ತೆಗೆದಳು.

"ನನ್ನೂ ಅಂಟ್ಸು ಮಗ. ನೆನಪಾದಾಗ ತೋರ್ಲಿ, ಓಡ್ಬತ್ತೀನಿ."

ಮೊದಲ ಮೂರು ಚಿತ್ರ ನಮ್ಮ ಮನೆಗೆ ಉಸಿರು ಬಿಡುವಷ್ಟು ಪುರಸೊತ್ತು ಕೊಟ್ಟವು. ಅಜ್ಜಿ ಗುಂಡಿಯನ್ನು ಚೂರು ತಿರುಗಿಸಿದರೆ ಮುಳ್ಳು ಕುಯ್ಯ್ ಎಂದು ಚೊಂಬಿನ ಮೇಲೆ ನಿಲ್ಲುವುದು, ಅವ್ವ ನೀರು ಕೊಡುವಳು. ಬಟ್ಟಲು ಚೆಲ್ಲುವುದು ನಿಂತಿತು. ಬೇಸನ್ನಿಗೆ ಮೊದಲೇ ಹೇಳುತ್ತಿದ್ದಳಾಗಿ ಹಾಸಿಗೆ ಒದ್ದೆಯಾಗುವುದು ತಪ್ಪಿತು. ಬೀದಿಯ ಹೆಂಗಸರು ಒಬ್ಬೊಬ್ಬರೇ ಬಂದು ನೋಡಿ, ಮಾದೇವನದು ತಲೆ ಅಂದರೆ ತಲೆ ಅಂದು ಹೋದರು. ಒಂದು ವಾರವೂ ಕಳೆದಿರಲಿಲ್ಲ, ಮುಳ್ಳು ಬಲತುದಿಗೆ ಹೋಗತೊಡಗಿತು. ನೀರು, ಗಂಜಿ, ಬೇಸನ್ನು ಯಾವುದೂ ಬೇಡದ ಮಧ್ಯಾಹ್ನಗಳಲ್ಲಿ, ಅವ್ವ ಅಡುಗೆಮನೆಯಲ್ಲೋ ಹಿತ್ತಿಲಲ್ಲೋ ಇದ್ದಾಗ, ಮುಳ್ಳು ಸರ್ರೆಂದು ಹೋಗಿ ಸಾಕಮ್ಮತ್ತೆಯ ಫೋಟೋ ಮೇಲೆ ನಿಂತುಬಿಡುತ್ತಿತ್ತು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ನೋಡುವಳು. ಅಜ್ಜಿ ಗುಂಡಿ ಹಿಂದಕ್ಕೆ ತಿರುಗಿಸುವಳು, ಮತ್ತೆ ಮುಂದಕ್ಕೆ. ಮತ್ತೆ ಸಾಕಮ್ಮತ್ತೆಯೇ. ಅವ್ವನನ್ನೇ ನೋಡುತ್ತ ಅಜ್ಜಿ ಅಳುವಳು.

"ಮಗಳು ಬೇಕಾ ಅತ್ತೆಮ್ಮ? ಬರಕ್ಕೆ ಏಳಿ ಕಳಿಸ್ತೀನಿ ಸುಮ್ನಿರಿ."

ಹಾಗೆಂದರೆ ಅಜ್ಜಿ ಇನ್ನೂ ಜೋರಾಗಿ ಅಳುತ್ತಿದ್ದಳು. ಅವ್ವ ಅವಳ ಕಣ್ಣು ಒರೆಸಿ ಒಳಗೆ ಹೋಗುತ್ತಿದ್ದಳು. ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಿಕ ತೊಳೆಯುವವಳು ಇವಳು, ನೆನಪಾಗುವವಳು ಅವಳು ಅಂತ ಗೊಣಗಿದೆ. ಅವ್ವ ಈ ಸಲ ಹೊಡೆಯಲಿಲ್ಲ. ಕೇಳಿಸಲಿಲ್ಲವೇನೋ ಎಂಬಂತೆ ಸೊಪ್ಪು ಸೋಸುತ್ತಿದ್ದಳು. ಅದನ್ನು ನೋಡಿ ನನಗೆ ಭಯವಾಯಿತು.

ಸುದ್ದಿ ಮುಟ್ಟಿದ ಮಾರನೆಯ ದಿನವೇ ಸಾಕಮ್ಮತ್ತೆ ಬಂದಳು. ಅವಳ ಕಣ್ಣೆದುರಿಗೇ ಮುಳ್ಳು ಅವಳ ಫೋಟೋ ಮೇಲೆ ಹೋಗಿ ನಿಂತಿತು. ಅತ್ತೆ ಅಜ್ಜಿಯ ಎದೆಯ ಮೇಲೆ ಬಿದ್ದು ಅತ್ತಳು. ಆಮೇಲೆ ಎದ್ದು ಮುಖ ತೊಳೆದು ಅಪ್ಪನ ಮುಂದೆ ಬಂದು ಕೂತಳು. ನಮ್ಮ ಕಡೆ ಗಂಡುಮಗನಿರುವಾಗ ತಾಯಿಯನ್ನು ಮಗಳ ಮನೆಯಲ್ಲಿ ಮಲಗಿಸುವುದೆಂದರೆ ಸಣ್ಣ ಮಾತಲ್ಲ. ಹೆಣ ಅಲ್ಲಿಂದ ಎದ್ದರೆ ಮಗನಿಗೆ ಅವಮಾನ, ಅದಕ್ಕಿಂತ ಹೆಚ್ಚು ಸೊಸೆಗೆ. ನೋಡಿಕೊಳ್ಳಲಾರದೆ ಅಟ್ಟಿದಳು ಅನ್ನುವ ಮಾತು ಅವಳು ಸಾಯುವ ತನಕ ಬೆನ್ನು ಬಿಡುವುದಿಲ್ಲ.

"ನಾನಿದ್ದೂ ಅವ್ವ ನಿಮ್ಮನೇಲಿ ಇದ್ರೆ ನಾಕು ಜನ ಏನಂದಾರು ಅಕ್ಕ?"

"ನಾಕು ಜನ ಬಂದು ಗಂಜಿ ಕುಡಿಸ್ತಾರೇನ್ಲಾ? ಇಲ್ಲಿ ಅವಳ ಜೀವಕ್ಕೆ ನೆಮ್ಮದಿ ಇಲ್ಲ, ಅದಕ್ಕೇ ಮುಳ್ಳು ನನ್ನ ಕಡೆ ಬತ್ತಾ ಅದ. ಬಾಯಿ ಸುಳ್ಳು ಏಳ್ಬೋದು, ಮಿಶನ್ನು ಏಳ್ತದಾ?"

ಅಪ್ಪ ಅವ್ವನ ಕಡೆ ನೋಡಿದ. ಅವಳೇನಾದರೂ ಬೇಡ ಅಂದರೆ ಅದನ್ನೇ ಹಿಡಿದುಕೊಂಡು ವಾದಿಸೋಣ ಅಂತ ಕಾಯುತ್ತಿದ್ದ ಅನ್ನಿಸುತ್ತದೆ. ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಕರ್ಕಂಡೋಗಿ ಅತ್ತಿಗೆ. ಅವರ ಆಸೆ ಏನದೋ ಅದಾಗ್ಲಿ."

ಕಾರು ಬಂತು, ಅಜ್ಜಿಯನ್ನು ಎತ್ತಿ ಮಲಗಿಸಿದರು, ಹಲಗೆಯನ್ನು ಸೀರೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರು. ಅಜ್ಜಿ ಎಡಗೈ ಆಡಿಸುತ್ತ ಆ ಆ ಎಂದು ಕೂಗುತ್ತಲೇ ಇದ್ದಳು. ಮಗಳ ಮನೆಗೆ ಹೋಗುವ ಸಂತೋಷಕ್ಕೆ ಅಂತ ಬೀದಿಯವರು ಮಾತಾಡಿಕೊಂಡರು.

ಅಜ್ಜಿ ಹೋದ ಮೇಲೆ ಮನೆ ಹಗುರವಾಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಅವ್ವ ಮೊದಲ ದಿನ ನಡುಮನೆಯನ್ನು ತಿಕ್ಕಿ ತೊಳೆದಳು, ಹಾಸಿಗೆ ಒಗೆದು ಹಿತ್ತಿಲಲ್ಲಿ ಹರವಿದಳು, ಒಳ್ಳೇದೇ ಆಯ್ತು, ನಡ ಸೋತೋಗಿತ್ತು ಅಂದಳು. ಎರಡನೆಯ ದಿನ ಮಾಡಲು ಏನೂ ಉಳಿದಿರಲಿಲ್ಲ. ಮಧ್ಯಾಹ್ನ ಅಡುಗೆಮನೆಯ ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದಳು. ಗಂಜಿಯನ್ನು ಅಭ್ಯಾಸಬಲದಿಂದ ಕಾಸಿ, ಆಮೇಲೆ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದಳು. ಕೊಳಾಯಿಯ ಹತ್ತಿರ ಒಬ್ಬಾಕೆ, ಅತ್ತೆನ ಕಳಿಸ್ಬುಟ್ಯಂತಲ್ಲ ತಾಯಮ್ಮ, ಪುಣ್ಯವಂತೆ ಬುಡು ಅಂದಳಂತೆ. ಅವತ್ತು ಅವ್ವ ಉಣ್ಣಲಿಲ್ಲ. ಅಪ್ಪ ಪಾಳಿ ಮುಗಿದರೂ ಮನೆಗೆ ಬಾರದೆ ಹೊಳೆ ಕಡೆ ಹೋಗಿ ಕೂರುತ್ತಿದ್ದ. ಅವರಿಬ್ಬರ ನಡುವೆ ಮಾತೇ ನಿಂತುಹೋಗಿತ್ತು. ಉಪ್ಪು ಬೇಕಾದರೆ ಅಪ್ಪ ನನ್ನ ಕೈಲಿ ಕೇಳಿಸುತ್ತಿದ್ದ.

ಅಷ್ಟರಲ್ಲಿ ನರಸೀಪುರದಿಂದ ಚಿಕ್ಕಪ್ಪನ ಅಂಗಡಿಗೆ ಫೋನು ಬಂತು. ಅಜ್ಜಿ ಏನನ್ನೂ ಬಾಯಿಗೆ ಬಿಡುತ್ತಿಲ್ಲ. ನೀರು ಕೊಟ್ಟರೆ ತುಟಿ ಬಿಗಿಯುತ್ತಾಳೆ, ಗಂಜಿ ಕೊಟ್ಟರೆ ಮುಖ ತಿರುಗಿಸುತ್ತಾಳೆ. ಹೊಟ್ಟೆಗೆ ಬೀಳದಿದ್ದರೆ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಮುಳ್ಳು ಮಾತ್ರ ಬಲತುದಿ ಬಿಟ್ಟು ಅಲ್ಲಾಡುವುದಿಲ್ಲ. ಅಂದು ಶಾಲೆ ಇರಲಿಲ್ಲವಾಗಿ ಚಿಕ್ಕಪ್ಪ ನನ್ನನ್ನೂ ಬಸ್ಸು ಹತ್ತಿಸಿಕೊಂಡ. ನರಸೀಪುರದಲ್ಲಿ ಇಳಿದು ಅತ್ತೆಯ ಮನೆ ಹೊಕ್ಕರೆ ಅಜ್ಜಿ ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಹೊಸ ಹಾಸಿಗೆಯ ಮೇಲೆ ಮಲಗಿದ್ದಳು. ತುಟಿ ಒಣಗಿ ಸೀಳಿತ್ತು. ಅತ್ತೆಯ ಮುಖವೂ ಇಳಿದುಹೋಗಿತ್ತು. ನಮ್ಮನ್ನು ನೋಡಿದ ಕೂಡಲೇ ಅಜ್ಜಿಯ ಕೈ ಗುಂಡಿಗೆ ಹೋಯಿತು, ಮುಳ್ಳು ಸರ್ರೆಂದು ಬಲತುದಿಗೆ ಹೋಯಿತು. ಅತ್ತೆ ಮಂಚದ ಮುಂದೆ ಮಂಡಿಯೂರಿ ಕೂತಳು.

"ನಾ ಇಲ್ಲೇ ಇವ್ನಿ ಕಣವ್ವ. ನಿನ್ನ ಕಣ್ಮುಂದೇನೇ ಇವ್ನಿ. ಇನ್ನೂ ಯಾರ ಕರೀತೀಯೆ? ಬಟ್ಟೆ ಬದ್ಲಾಯಿಸಾನ ಅಂದ್ರೆ ಸೀರೆ ಬುಡಲ್ಲ, ಮುಟ್ಟಿದ್ರೆ ಅಳ್ತೀಯೆ. ನಾ ಏನ್ ತಪ್ಪು ಮಾಡ್ದೆ ಏಳು."

ಚಿಕ್ಕಪ್ಪ ಮುಳ್ಳು ನೋಡುತ್ತಿರಲಿಲ್ಲ, ಅಜ್ಜಿಯ ಬೆರಳು ನೋಡುತ್ತಿದ್ದ. ಮುಳ್ಳು ತುದಿ ಮುಟ್ಟಿತ್ತು, ಆದರೆ ಗುಂಡಿ ತುದಿ ತನಕ ತಿರುಗಿರಲಿಲ್ಲ. ಅವನು ಗುಂಡಿಯ ಮೇಲೆ ತನ್ನ ಕೈಯಿಟ್ಟು ಮೆಲ್ಲಗೆ, ಇರುವೆ ನಡೆಯುವಷ್ಟು ಮೆಲ್ಲಗೆ ತಿರುಗಿಸಿದ. ಚೊಂಬು, ಬಟ್ಟಲು, ಬೇಸನ್ನು. ಅಲ್ಲಿಂದ ಇನ್ನು ಸ್ವಲ್ಪ ಮುಂದಕ್ಕೆ 'ಕರ್' ಎಂದಿತು, ಮುಳ್ಳು ಅವ್ವನ ಚಿತ್ರ ಹಾರಿ ಬಲತುದಿಗೆ ಬಿತ್ತು. ಅಲ್ಲೇ ನೆಲದ ಮೇಲೆ ಕೂತು ಗುಂಡಿ ಬಿಚ್ಚಿದ. ಒಳಗೆ ಕುದುರೆಲಾಳದ ಆಕಾರದ ಕಪ್ಪು ಪಟ್ಟಿ, ಅದರ ಮೇಲೆ ಜಾರುವ ಹಿತ್ತಾಳೆಯ ಕಡ್ಡಿ. ಪಟ್ಟಿ ಒಂದೇ ಕಡೆ ಬಿಳಿಚಿಕೊಂಡು ಸವೆದಿತ್ತು. ಎಷ್ಟೋ ವರ್ಷ ಅಜ್ಜಿ ದಿನಾ ಬೆಳಗ್ಗೆ ರೇಡಿಯೋವನ್ನು ತನಗೆ ಹಿತವಾಗುವ ಅದೇ ಒಂದು ದನಿಗೆ ತಂದು, ಅಲ್ಲಲ್ಲೇ ಚೂರು ಆಚೆ ಚೂರು ಈಚೆ ಆಡಿಸಿ ಬಿಡುತ್ತಿದ್ದಳು. ಕಡ್ಡಿ ಆ ಜಾಗಕ್ಕೆ ಬಂದರೆ ಪಟ್ಟಿ ಸಿಗದು. ಪಟ್ಟಿ ಸಿಗದಿದ್ದರೆ ಒತ್ತು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಉದ್ದವಾಗುವುದು. ಒತ್ತು ಉದ್ದವಾದರೆ ಸರ್ವೋಗೆ ಗೊತ್ತಿರುವುದು ಒಂದೇ, ಬಲತುದಿ. ಸರಿಯಾಗಿ ಆ ಜಾಗದ ಮೇಲೆಯೇ ನಾನು ಅವ್ವನ ಚಿತ್ರ ಅಂಟಿಸಿದ್ದೆ. ಹೊಸ ಗುಂಡಿ ಹಾಕಿದ್ದರೆ ಇದಾವುದೂ ಇರಲಿಲ್ಲ. ಅವಳ ಬೆರಳಿಗೆ ಗುರುತಿರಲಿ ಅಂತ ಮಾಡಿದ್ದು.

ಚಿಕ್ಕಪ್ಪ ಹಿತ್ತಾಳೆಯ ಕಡ್ಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿ, ಸವೆಯದ ಅಂಚಿನ ಮೇಲೆ ಜಾರುವಂತೆ ಮಾಡಿ, ಮುಚ್ಚಿ, ಗುಂಡಿಯನ್ನು ಅಜ್ಜಿಯ ಕೈಗೆ ಕೊಟ್ಟ. ಅಜ್ಜಿ ತಿರುಗಿಸಿದಳು. ಮುಳ್ಳು ನನ್ನ ಕುಂಬಳಕಾಯಿ ಮುಖದ ಮೇಲೆ ಬಂದು ನಿಂತಿತು. ಅಜ್ಜಿ ಗುಂಡಿಯಿಂದ ಕೈ ತೆಗೆಯಲಿಲ್ಲ, ಅಳಲೂ ಇಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಇಷ್ಟು ದಿನ ನಾನು ಇದನ್ನೇ ಹೇಳುತ್ತಿದ್ದೆನಲ್ಲ ಎನ್ನುವಂತೆ. ಸಾಕಮ್ಮತ್ತೆ ಎದ್ದು ಹೊರಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಚಿಕ್ಕಪ್ಪನಿಗೆ ಹೇಳಿದ್ದು ಇಷ್ಟೇ.

"ಬೇಗ ಕರ್ಕಂಬಾ ಅವಳ."

ಅವ್ವ ಬರಲೊಪ್ಪಲಿಲ್ಲ. ನಾವು ನಂಜನಗೂಡಿಗೆ ಮರಳಿದಾಗ ದೀಪ ಹಚ್ಚುವ ಹೊತ್ತು. ಚಿಕ್ಕಪ್ಪ ಅಡುಗೆಮನೆಯ ಹೊಸಲಿನಾಚೆ ಕೂತು ಎಲ್ಲವನ್ನೂ ಹೇಳಿದ. ಅಪ್ಪ ಗೋಡೆ ನೋಡುತ್ತ ಕೂತಿದ್ದ. ಅವ್ವ ಒಲೆಯ ಮುಂದೆ ಬೆನ್ನು ಮಾಡಿ, ಕೋಲು ಹಿಡಿದು ಹಿಟ್ಟು ತೊಳಸುತ್ತಲೇ ಕೇಳಿದಳು. ಹಿಟ್ಟು ಬೆಂದು ಇಳಿಸಿದ ಮೇಲೆಯೇ ಬಾಯಿ ಬಿಟ್ಟಳು.

"ಆವತ್ತು ಮುಳ್ಳು ಏಳ್ತು ಅಂತ ಕಳಿಸ್ಕೊಟ್ರಿ. ಈವತ್ತು ಅದೇ ಮುಳ್ಳು ಏಳ್ತು ಅಂತ ನಾ ಎದ್ದು ಬರ್ಬೇಕಾ? ನಡುವೆ ಒಬ್ರಾದ್ರೂ ನನ್ನ ಒಂದು ಮಾತು ಕೇಳಿದ್ರಾ?"

"ತಪ್ಪು ನಂದು ಅತ್ತಿಗೆ. ಗುಂಡಿ ಸವೆದಿತ್ತು."

"ಗುಂಡಿ ಸವೆದಿದ್ದ ಬಿಚ್ಚಿ ನೋಡಿದ್ರಿ. ಮನುಷ್ಯರು ಸವೆದಿದ್ದ ಯಾರು ನೋಡ್ತೀರಿ ಈ ಮನೇಲಿ?"

ಅಪ್ಪ ಎದ್ದು ಬಂದು ಏನೋ ಹೇಳಲು ಹೋದ. ಅವ್ವ ಅವನಿಗೆ ಮಾತಾಡಲು ಬಿಡಲಿಲ್ಲ. ಮದುವೆಯಾಗಿ ಬಂದಾಗಿನಿಂದ ನುಂಗಿದ್ದೆಲ್ಲ ಅವತ್ತು ಹೊರಗೆ ಬಂತು. ಮುದ್ದೆಯ ಗಂಟು, ಸಾಕಿಯ ಬೆಣ್ಣೆ, ಕೊಳಾಯಿಯ ಹತ್ತಿರದ ಮಾತು, ಕರ್ಕಂಡೋಗಿ ಅಂದಾಗ ಒಬ್ಬ ಗಂಡಸೂ ಬೇಡ ಅನ್ನದೆ ಇದ್ದದ್ದು. ನನಗೆ ಒಳಗೊಳಗೇ ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ. ಕೊನೆಗೆ ಅವಳು ತಣಿಗೆಗಳನ್ನು ಇಟ್ಟು ಎಲ್ಲರಿಗೂ ಬಡಿಸಿದಳು. ಯಾರೂ ಸರಿಯಾಗಿ ಉಣ್ಣಲಿಲ್ಲ. ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವಳು ಮಿಂದು, ತಲೆ ಬಾಚಿ, ಹಳೆಯ ಸೀರೆಯ ನಾಲ್ಕು ತುಂಡು ಮಡಿಸಿ ಚೀಲಕ್ಕೆ ಹಾಕಿಕೊಂಡಿದ್ದಳು. ಬರುವುದಾದರೆ ಬೇಗ ಮುಖ ತೊಳಿ ಅಂದಳು.

ನರಸೀಪುರದ ಮನೆಯ ಬಾಗಿಲಲ್ಲಿ ಸಾಕಮ್ಮತ್ತೆ ನಿಂತಿದ್ದಳು. ಬಾ ತಾಯಮ್ಮ ಅಂದಳೇ ಹೊರತು ಮುಖ ನೋಡಲಿಲ್ಲ. ಅವ್ವ ಒಳಕೋಣೆಗೆ ಹೋಗಿ ಮಂಚದ ಪಕ್ಕ ನಿಂತಳು. ಅಜ್ಜಿ ಕಣ್ಣು ಬಿಟ್ಟಳು. ಅವ್ವನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಜ್ಜಿಯ ಎಡಗೈ ಗುಂಡಿ ಹುಡುಕಿತು. ಮುಳ್ಳು ಅವ್ವನ ಚಿತ್ರಕ್ಕೆ ಹೋಗುತ್ತದೆ ಅಂತ ಬಾಗಿಲಲ್ಲಿ ನಿಂತು ನಾನು, ಅತ್ತೆ ಇಬ್ಬರೂ ನೋಡುತ್ತಿದ್ದೆವು. ಹೋಗಲಿಲ್ಲ. ಅದಕ್ಕೂ ಮೊದಲೇ, ನಡುವೆ ನಿಂತಿತು. ಬೇಸನ್ನು.

ಅವ್ವ ಒಂದು ಗಳಿಗೆ ಆ ಮುಳ್ಳನ್ನೇ ನೋಡಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ಬಾಗಿಲಿನ ಕಡೆ, ಅಂದರೆ ಅತ್ತೆಯ ಕಡೆ ಕಣ್ಣು ತೋರಿಸಿ ಮತ್ತೆ ಅವ್ವನ ಕಡೆ ತಿರುಗಿದಳು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೀವು ಆಚೆ ಇರಿ ಅತ್ತಿಗೆ. ಬಾಗ್ಲಾಕ್ತೀನಿ."

"ಯಾಕೆ? ನಾನೂ ಇಡ್ಕತೀನಿ, ಒಬ್ಬಳ ಕೈಲಾಯ್ತದಾ?"

"ಬೇಡಿ ಅತ್ತಿಗೆ. ಅವರು ನಾಚ್ಕತಾ ಅವ್ರೆ."

ಬಾಗಿಲು ಮುಚ್ಚಿತು. ಒಳಗೆ ಬೇಸನ್ನಿನ ಸದ್ದು, ನೀರಿನ ಸದ್ದು, ಅವ್ವನ ಗೊಣಗು ಕೇಳುತ್ತಿತ್ತು. ಬಾಗಿಲು ತೆಗೆದಾಗ ಅಜ್ಜಿ ಒಗೆದ ಸೀರೆಯಲ್ಲಿ ಒರಗಿ ಕೂತಿದ್ದಳು, ಮುಳ್ಳು ಚೊಂಬಿನ ಮೇಲಿತ್ತು. ಅವ್ವ ಕೊಟ್ಟ ನೀರನ್ನು ಗಟಗಟ ಕುಡಿದಳು, ಆಮೇಲೆ ಗಂಜಿ. ನೀರು ಕುಡಿದರೆ ಮತ್ತೆ ಬೇಸನ್ನು ಬೇಕಾಗುತ್ತದೆ ಅಂತಲೇ ಅವಳು ತುಟಿ ಬಿಗಿದದ್ದು. ಮಡಿಲು ತುಂಬಿ ಕಳಿಸಿದ ಹೆಣ್ಣುಮಗಳ ಕೈಲಿ ಆ ಕೆಲಸ ಮಾಡಿಸಿಕೊಳ್ಳುವುದಕ್ಕಿಂತ ಸಾಯುವುದೇ ಮೇಲು ಅಂದುಕೊಂಡಿದ್ದಳು ಅಂತ ಆಗ ನಮಗೆ ತಿಳಿಯಿತು. ಅತ್ತೆ ಗೋಡೆಗೆ ಹಣೆ ಕೊಟ್ಟು, ನಾ ಅವಳ ಒಟ್ಟೇಲಿ ಉಟ್ಟೋಳಲ್ವಾ, ನನ್ನ ಹತ್ರ ಎಂಥ ನಾಚ್ಕೆ ಅಂತ ಬಿಕ್ಕಿ ಬಿಕ್ಕಿ ಅತ್ತಳು. ಅವಳನ್ನು ಸಮಾಧಾನ ಮಾಡಲು ಯಾರಿಂದಲೂ ಆಗಲಿಲ್ಲ. ಎರಡು ದಿನದಲ್ಲಿ ಅಜ್ಜಿಯನ್ನು ನಂಜನಗೂಡಿಗೆ ಕರೆತಂದೆವು. ಮುಂದಿನ ಮಳೆಗಾಲದ ತನಕ ಇದ್ದಳು, ನಮ್ಮ ನಡುಮನೆಯಲ್ಲೇ ಹೋದಳು.

ನಾನು ಕೆಲಸಕ್ಕೆ ಸೇರಿ, ಮದುವೆಯಾಗಿ, ಅತ್ತೆ ಸೊಸೆ ಅಂದರೇನು ಅಂತ ಮೈಯಲ್ಲಿ ತಿಳಿದುಕೊಂಡ ಮೇಲೆ ಈ ನೆನಪು ನನ್ನನ್ನು ಬೇರೆ ರೀತಿಯಲ್ಲಿ ಸುಡತೊಡಗಿತು. ಮೊದಲು, ಅಜ್ಜಿಗೆ ಬೇಕಿದ್ದವಳು ಅವ್ವನೇ ಅನ್ನುವುದೇ ನನಗೆ ಸಮಾಧಾನವಾಗಿತ್ತು. ಆಮೇಲೆ ಅನ್ನಿಸಿತು, ಯಾವುದಕ್ಕೆ ಬೇಕಿದ್ದಳು? ಮಗಳ ಕೈ ಮಾನದ್ದು, ಸೊಸೆಯ ಕೈ ಹೊಲಸಿನದ್ದು, ಅಷ್ಟೇ ತಾನೇ. ಒಂದು ಸಲ ತವರಿಗೆ ಹೋದಾಗ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ಅವ್ವನನ್ನು ಕೇಳಿಯೇಬಿಟ್ಟೆ.

"ಅಲ್ಲವ್ವ, ಬೇಸನ್ನು ಎತ್ತಕ್ಕೆ ಅಂತ ತಾನೇ ನಿನ್ನ ಕರ್ದಿದ್ದು? ನಿಂಗೆ ಉರೀಲಿಲ್ವಾ?"

"ಉರೀತು. ಉರೀದೆ ಇರ್ತದಾ."

ಅವ್ವ ನಾಲ್ಕು ಕಾಯಿ ಸುಲಿದಳು. ಸಿಪ್ಪೆಯನ್ನು ಎಮ್ಮೆಗೆ ಅಂತ ಒಂದು ಕಡೆ ಗುಡ್ಡೆ ಮಾಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ನಗುವೂ ಇರಲಿಲ್ಲ.

"ಈ ಮನೇಗೆ ಬಂದಾಗಿಂದ ತಾಯಿ ಮಗಳು ಒಳಗೆ ಕೂತ್ಕಂಡು ಮಾತಾಡೋರು, ನಾ ಬಾಗ್ಲಾಚೆ ನಿಂತಿರೋಳು. ಆವತ್ತು ಅತ್ತೆಮ್ಮ ತಾವು ಎತ್ತ ಮಗಳನ್ನೇ ಆಚೆ ನಿಲ್ಸಿ ಬಾಗ್ಲು ಆಕುಸಿದ್ರು. ನಾ ಒಳಗಿದ್ದೆ ಕಣೆ."